ಅಕ್ಕನ ಸೂಜಿಗೆ ದಾರ ಪೋಣಿಸಿದವಳು

ಕೌದಿಗೆ ನಾಲ್ಕು ಮೂಲೆ. ಟಿಕೋಟಾದ ಅಕ್ಕನ ಮನೆಯ ಅಂಗಳದಲ್ಲಿ ಹಳೆಯ ಬಟ್ಟೆಯ ಆ ಹೊದಿಕೆ ಹರಡಿ, ಒಂದೊಂದು ಮೂಲೆಗೆ ಒಬ್ಬೊಬ್ಬಳು ಕೂತು ನಡುವಿನ ಕಡೆಗೆ ಹೊಲಿಯುತ್ತ ಬರುತ್ತಿದ್ದೆವು. ಹೊಲಿದಷ್ಟು ಜಾಗದ ಮೇಲೆ ಸರಿದು ಕೂರುವುದು, ಮುಂದಿನ ಸಾಲು ಹಿಡಿಯುವುದು. ನಾಲ್ಕನೇ ದಿನವೋ ಐದನೇ ದಿನವೋ ಒಬ್ಬರ ಮೊಣಕಾಲಿಗೆ ಇನ್ನೊಬ್ಬರ ಮೊಣಕಾಲು ತಾಗಿದರೆ ಕೌದಿ ಮುಗಿಯಿತು ಎಂದು ಅರ್ಥ.

ಈಗ ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿರುವ ನನ್ನ ಖೋಲಿಯಲ್ಲಿ ನಾನೊಬ್ಬಳೇ ಹೊಲಿಯುತ್ತೇನೆ. ಒಂದೇ ಮೂಲೆಯಿಂದ ಹೊಲಿಯುತ್ತ ಹೋದರೆ ಬಟ್ಟೆ ಎಳೆದುಕೊಂಡು ಕೌದಿ ಸೊಟ್ಟಗಾಗುತ್ತದೆ. ಹಾಗಾಗಿ ಒಂದು ಮೂಲೆಯಲ್ಲಿ ಒಂದು ಗೇಣು ಹೊಲಿದು, ಎದ್ದು, ಎದುರಿನ ಮೂಲೆಗೆ ಹೋಗಿ ಕೂರುತ್ತೇನೆ. ಆಮೇಲೆ ಮೂರನೆಯದು, ನಾಲ್ಕನೆಯದು. ಎಲ್ಲಿ ಕೂತರೂ ಉಳಿದ ಮೂರು ಮೂಲೆ ಖಾಲಿಯೇ ಕಾಣುತ್ತವೆ. ನನ್ನ ಮೊಣಕಾಲಿಗೆ ಯಾರ ಮೊಣಕಾಲೂ ತಾಗುವುದಿಲ್ಲವಾದ್ದರಿಂದ, ಕೌದಿ ಮುಗಿದದ್ದು ಒಮ್ಮೊಮ್ಮೆ ದಾರ ಹರಿದುಕೊಂಡ ಮೇಲೆ ತಿಳಿಯುತ್ತದೆ.

ನಾನು ಕಲಿತದ್ದು ನಾಲ್ಕನೇ ಇಯತ್ತೆಯವರೆಗೆ. ಓದಲು ಬರುತ್ತದೆ, ಬರೆಯುವುದು ನಿಧಾನ. ಆದರೂ ಇದನ್ನು ಬರೆಯುತ್ತಿದ್ದೇನೆ. ಹೇಳಬೇಕಾದವರಿಗೆ ಹೇಳಿ ಆಗಿದೆ, ಆದರೆ ಹೇಳಿದ ಮೇಲೂ ಅದು ನನ್ನಲ್ಲೇ ಉಳಿದಿದೆ.

ಮದುವೆಯಾಗಿ ಬಬಲೇಶ್ವರಕ್ಕೆ ಹೋದವಳು ಎರಡನೇ ವರ್ಷಕ್ಕೆ ಒಂದು ಚೀಲ ಹಿಡಿದುಕೊಂಡು ತಿರುಗಿ ಬಂದೆ. ಆಗ ಅಪ್ಪ ಅವ್ವ ಇರಲಿಲ್ಲ. ಇದ್ದವಳು ನನಗಿಂತ ಹತ್ತು ವರ್ಷ ದೊಡ್ಡವಳಾದ ಅಕ್ಕ ಒಬ್ಬಳೇ. ಟಿಕೋಟಾದ ಬಸ್ಸಿನಿಂದ ಇಳಿದು ಅವಳ ಅಂಗಳಕ್ಕೆ ಬಂದಾಗ ಅವಳು ಕೌದಿಯ ಮೇಲೆ ಬಗ್ಗಿ ಕೂತಿದ್ದಳು. ನನ್ನ ಮುಖ ನೋಡಿದಳು, ಚೀಲ ನೋಡಿದಳು. ಯಾಕೆ ಬಂದೆ ಎಂದು ಕೇಳಲಿಲ್ಲ.

"ಕೈ ತೊಳ್ಕೊಂಡ ಬಾ. ಸೂಜಿಗಿ ದಾರ ಪೋಣಸು. ಮುಂಜಾನಿಂದ ಅದೊಂದ ಕೆಲಸ ಆಗೇತಿ ನನಗ" ಅಂದಳು.

ಆ ದಿನದಿಂದ ಆ ಮನೆಯಲ್ಲಿ ನನ್ನ ಕೆಲಸ ಅದಾಯಿತು. ಅಕ್ಕನ ಹತ್ತಿರ ಹಳೆಯ ಬಟ್ಟೆ ತುರುಕಿ ಹೊಲಿದ ಸಣ್ಣ ದಿಂಬೊಂದಿತ್ತು, ಅಂಗೈ ಅಗಲದ್ದು. ಅದರಲ್ಲಿ ನಲವತ್ತು ಸೂಜಿ. ದಿನಾ ಮುಂಜಾನೆ ಚಹಾ ಕುಡಿದು ನಲವತ್ತಕ್ಕೂ ದಾರ ಪೋಣಿಸಿ, ದಾರದ ಬಾಲ ಒಂದಕ್ಕೊಂದು ಸಿಕ್ಕಾಗದಂತೆ ಸುತ್ತಿ ದಿಂಬಿಗೆ ಚುಚ್ಚಿ ಇಡುವುದು. ಹೊಲಿಯುವವರು ಒಂದು ಸೂಜಿಯ ದಾರ ಮುಗಿದರೆ ಅದನ್ನು ಅಲ್ಲೇ ಇಟ್ಟು ಇನ್ನೊಂದು ತೆಗೆದುಕೊಳ್ಳುತ್ತಾರೆ. ನಡುವೆ ಯಾರೂ ನಿಲ್ಲಬೇಕಿಲ್ಲ.

ಅಕ್ಕನ ಗಂಡ, ನಾವು ಮಾಮಾ ಅನ್ನುತ್ತಿದ್ದೆವು, ಕುರಿ ಕಾಯುವವನು. ಹಿಂಡಿನ ಹಿಂದೆ ವರ್ಷದಲ್ಲಿ ಎಂಟು ತಿಂಗಳು ಊರೂರು ತಿರುಗುತ್ತಿದ್ದ. ಮಕ್ಕಳಿರಲಿಲ್ಲ. ಮನೆಯಲ್ಲಿ ನಾವಿಬ್ಬರೇ. ಹೊಲಿಯಲು ಎದುರು ಮನೆಯ ಮುದುಕಿ ಬರುತ್ತಿದ್ದಳು, ಅವಳ ಸೊಸೆ ಬರುತ್ತಿದ್ದಳು. ನಾಲ್ಕು ಮೂಲೆ ತುಂಬುತ್ತಿತ್ತು. ಸುತ್ತಲಿನ ಹಳ್ಳಿಯವರು, ಹೊನವಾಡದವರು, ದ್ರಾಕ್ಷಿ ತೋಟದ ಮನೆಯವರು, ಹಳೆಯ ಸೀರೆ ಧೋತರ ಗಂಟು ಕಟ್ಟಿ ತಂದು ಹಾಕುತ್ತಿದ್ದರು.

ಹೊಲಿಗೆ ಯಾರಾದರೂ ಹೊಲಿದಾರು. ಕೌದಿಯ ಜೀವ ಇರುವುದು ತುಂಡು ಹೊಂದಿಸುವುದರಲ್ಲಿ. ಕೆಳಗೆ ಒಂದು ಸೀರೆ ಹಾಸಿ, ಮೇಲೆ ಬಟ್ಟೆಯ ತುಂಡುಗಳನ್ನು ಒಂದರ ಪಕ್ಕ ಒಂದು ಇಡುತ್ತ ಹೋಗಬೇಕು. ಮೊದಮೊದಲು ಅದನ್ನು ಅಕ್ಕನೇ ಮಾಡುತ್ತಿದ್ದಳು. ನಾನು ಅವಳ ಹಿಂದೆ ನಿಂತು ಕಲಿತೆ. "ಮಿಂಚೂ ಬಟ್ಟಿ ಎರಡು ಒಂದಕ್ಕೊಂದು ಹತ್ತಬಾರ್ದು. ನಡುವ ಒಂದು ಮಾಸಿದ್ದು ಇರಬೇಕು. ಅದು ಇದ್ರನ ಇವು ಕಾಣೂದು" ಅನ್ನುತ್ತಿದ್ದಳು. ಇವತ್ತಿಗೂ ನನಗೆ ಗೊತ್ತಿರುವುದು ಅಷ್ಟೇ. ಉಳಿದದ್ದೆಲ್ಲ ಆ ಒಂದು ಮಾತಿನಿಂದ ಹುಟ್ಟಿದ್ದು.

ಹತ್ತು ವರ್ಷ ಹೀಗೆ ನಡೆಯಿತು. ಆಮೇಲೆ ಒಂದು ದಿನ ಅಕ್ಕ ಗಂಟಿನಿಂದ ಒಂದು ತುಂಡು ತೆಗೆದು ಬಿಸಿಲಿಗೆ ಹಿಡಿದು, "ಇದು ನೀಲಿ ಹೌದಲ್ಲ?" ಅಂದಳು.

ಅದು ಹಸಿರು. ಗಿಣಿ ಹಸಿರಲ್ಲ, ಗಾಢ ಹಸಿರು, ಆದರೂ ಹಸಿರೇ.

"ಹೂಂ ಅಕ್ಕಾ" ಅಂದೆ.

ಯಾಕೆ ಹಾಗೆ ಅಂದೆನೋ. ಅವಳು ಅಷ್ಟು ನಂಬಿಕೆಯಿಂದ ಕೇಳಿದ್ದಳು, ಎದುರಿಗೆ ಆ ಮುದುಕಿಯೂ ಸೊಸೆಯೂ ಕೂತಿದ್ದರು, ಅವರ ಮುಂದೆ ಅವಳ ತಪ್ಪು ತೋರಿಸುವುದು ನನಗೆ ಬೇಡವಾಗಿತ್ತು. ಅವಳು ನೀರು ಕುಡಿಯಲು ಒಳಗೆ ಹೋದಾಗ ಆ ತುಂಡು ತೆಗೆದು ನೀಲಿ ಇಟ್ಟೆ. ಬಂದವಳು ಅದರ ಮೇಲೆ ಕೈಯಾಡಿಸಿ ಮುಂದೆ ಹೋದಳು. ಅವಳಿಗೆ ತಿಳಿಯಲಿಲ್ಲ. ತಿಳಿಯಲಿಲ್ಲ ಎಂಬುದು ನನಗೆ ತಿಳಿಯಿತು.

ಅಲ್ಲಿಂದ ಮುಂದೆ ಅವಳು ಇಡುತ್ತ ಹೋಗುವುದು, ನಾನು ಹಿಂದಿನಿಂದ ಸರಿಪಡಿಸುತ್ತ ಬರುವುದು. ಮೊದಲು ಒಂದೆರಡು ತುಂಡು. ಆಮೇಲೆ ಅರ್ಧ. ಕೊನೆಗೆ ಅವಳು ಇಟ್ಟದ್ದರಲ್ಲಿ ಅಂಚಿನ ಪಟ್ಟಿ ಬಿಟ್ಟು ಏನೂ ಉಳಿಯುತ್ತಿರಲಿಲ್ಲ. ಎದುರು ಮನೆಯ ಮುದುಕಿ ಇದನ್ನು ನೋಡುತ್ತಿದ್ದಳು. ಒಮ್ಮೆ ಅಕ್ಕ ಒಳಗಿದ್ದಾಗ ಎಲೆ ಅಡಿಕೆ ಒಂದು ದವಡೆಗೆ ಒತ್ತಿಕೊಂಡು ನನಗೆ ಅಂದಳು:

"ನಿಮ್ಮಕ್ಕ ಸಾಹೇಬ, ನೀ ಪಟ್ಟೇವಾಲಾ. ಸಾಹೇಬ ಸಹಿ ಹಾಕತಾನ, ಕೆಲಸ ಪಟ್ಟೇವಾಲಾ ಮಾಡತಾನ. ಹೌದಿಲ್ಲೇನ ಬೇ?"

"ಸುಮ್ಮನ ಹೊಲಿ ಅಜ್ಜಿ" ಅಂದೆ.

"ಹೊಲ್ಯಾಕತ್ತೇನವಾ. ಬಾಯಿ ಏನು ಸೂಜಿ ಹಿಡದಿಲ್ಲಲ್ಲ."

ನಾನು ನಕ್ಕೆ. ಒಳಗೊಳಗೇ ಖುಷಿಯಾಗಿತ್ತು. ಯಾರೋ ಒಬ್ಬರು ನೋಡಿದ್ದಾರೆ ಎಂಬ ಖುಷಿ. ಅವಳ ಮಾನ ಉಳಿಸಲು ಶುರು ಮಾಡಿದ ಕೆಲಸ ಯಾವಾಗ ನನ್ನ ಆಸೆಯಾಯಿತೋ ಹೇಳಲಾರೆ. ಬಟ್ಟೆಯ ಗಂಟು ಬಿಚ್ಚಿದ ಕೂಡಲೇ ಯಾವುದು ಎಲ್ಲಿ ಎಂದು ನನ್ನ ಕಣ್ಣಿಗೆ ಕಾಣಲು ಶುರುವಾಗಿತ್ತು. ಅಕ್ಕನ ಕಣ್ಣು ಚೆನ್ನಾಗಿದ್ದರೆ ಆ ಜಾಗ ಅವಳದು. ಕಾಣದಿದ್ದರೆ ನನ್ನದು.

ಅಕ್ಕ ಕಣ್ಣಿನ ಮಾತು ಆಡುತ್ತಿರಲಿಲ್ಲ. ಬಲ್ಬಿನ ಮಾತು ಆಡುತ್ತಿದ್ದಳು. "ಈ ಬಲ್ಬ ಬದ್ಲಿ ಮಾಡಸಬೇಕು, ಬೆಳಕ ಇಲ್ಲ ಇದಕ್ಕ" ಅನ್ನುತ್ತಿದ್ದಳು. ಬದಲಿ ಮಾಡಿಸಿದೆವು. ಚಹಾ ಸೋಸುವಾಗ ಕಪ್ಪಿನ ಹೊರಗೆ ಬೀಳುತ್ತಿತ್ತು. ಬಾಗಿಲ ಚೌಕಟ್ಟಿಗೆ ಎಡ ಭುಜ ಬಡಿದುಕೊಳ್ಳುತ್ತಿದ್ದಳು, ಯಾವಾಗಲೂ ಎಡವೇ. ಹೊಲಿಗೆ ಮಾತ್ರ ಕೆಡಲಿಲ್ಲ. ಅವಳ ಸಾಲುಗಳು ನೇಗಿಲ ಸಾಲಿನ ಹಾಗೆ ನೆಟ್ಟಗೆ ಬರುತ್ತಿದ್ದವು, ಅದು ಬೆರಳಿನ ಕೆಲಸ. ಸೂಜಿಗೆ ದಾರ ಪೋಣಿಸಲು ನಾನಿದ್ದೆ. ಹಾಗಾಗಿ ಅವಳಿಗೇ ತನ್ನ ಕಣ್ಣು ಎಷ್ಟು ಹೋಗಿದೆ ಎಂದು ಗೊತ್ತಾಗಲು ದಾರಿಯಿರಲಿಲ್ಲ. ಆ ದಾರಿಗೆ ಅಡ್ಡ ನಿಂತವಳು ನಾನು.

ಒಂದು ಸಲ ಊರಿನ ಸಾಲೆಯಲ್ಲಿ ಕಣ್ಣು ತೋರಿಸುವ ಶಿಬಿರ ಬಂತು. ಮೈಕಿನಲ್ಲಿ ಹೇಳಿಕೊಂಡು ಗಾಡಿ ಹೋಯಿತು. ಅಕ್ಕ ಕೈಯಲ್ಲಿದ್ದ ಸೂಜಿ ನಿಲ್ಲಿಸಿ ನನ್ನ ಕಡೆ ತಿರುಗಿದಳು.

"ಹೋಗಿ ಬರೂನೇನು?"

ಆಗ ನಮ್ಮ ಮುಂದೆ ಹೊನವಾಡದ ಒಂದು ಮನೆಯ ದೊಡ್ಡ ಕೌದಿ ಇತ್ತು. ನಾನು ಅದರ ನಡುಭಾಗದಲ್ಲಿ ಕೆಂಪಿನ ಸುತ್ತ ಬೂದಿ ಬಣ್ಣ ಕಟ್ಟುತ್ತ ಬಂದಿದ್ದೆ. ಅದಕ್ಕಿಂತ ಚೆಂದದ್ದನ್ನು ನಾನು ಅಲ್ಲಿಯವರೆಗೆ ಮಾಡಿರಲಿಲ್ಲ.

"ಯಾಕ, ನಿನ್ನ ಕಣ್ಣಿಗಿ ಏನಾಗೇತಿ? ಚಲೋ ಅದಾವ" ಅಂದೆ.

"ಹೌದಲ್ಲ" ಅಂದಳು ಅಕ್ಕ. ಮತ್ತೆ ಸೂಜಿ ಹಿಡಿದಳು.

ಈ ಬರಹ ಇರುವುದು ಈ ಒಂದು ಮಾತಿಗಾಗಿ. ಉಳಿದದ್ದನ್ನೆಲ್ಲ ಮರೆತರೂ ಆಗಬಹುದು. ನಾನು ಹಾಗೆ ಅಂದೆ, ಅವಳು ನಂಬಿದಳು.

ಅದಾಗಿ ಮೂರೋ ನಾಲ್ಕೋ ವರ್ಷಕ್ಕೆ ವಿಜಯಪುರದಿಂದ ಒಬ್ಬರು ಹೆಂಗಸು ಬಂದರು. ಗೋಳಗುಮ್ಮಟದ ಹತ್ತಿರ ನೋಡಲು ಬರುವ ಮಂದಿಗೆ ಸಾಮಾನು ಮಾರುವ ಸಣ್ಣ ಅಂಗಡಿ ಅವರದು. ನಮ್ಮ ಕೌದಿಯನ್ನು ಯಾರದೋ ಮನೆಯಲ್ಲಿ ನೋಡಿ ಹುಡುಕಿಕೊಂಡು ಬಂದಿದ್ದರು. ಅಂಗಳದಲ್ಲಿ ಹಾಸಿದ್ದನ್ನು ಸುತ್ತು ಹಾಕಿ ನೋಡಿದರು. ಚಪ್ಪಲಿ ಬಿಟ್ಟು, ಕೂತು, ನಡುವಿನ ತುಂಡುಗಳ ಮೇಲೆ ಬೆರಳಿಟ್ಟು ನೋಡಿದರು.

"ಇದನ್ನ ಹೊಂದಿಸಿದವರು ಯಾರ್ರಿ?"

ನಾನು ಅಕ್ಕನ ಕಡೆ ನೋಡಿದೆ. ಅಕ್ಕ ನಾಚಿಕೊಂಡು ಸೆರಗು ಸರಿಮಾಡಿಕೊಂಡಳು.

"ನಾನರಿ. ನನ್ನ ಕಣ್ಣಿಗಿ ಹೆಂಗ ಬರತೈತಿ ಹಂಗ ಇಡತೇನ್ರಿ" ಅಂದಳು.

ಅವಳು ಸುಳ್ಳು ಹೇಳಲಿಲ್ಲ. ಅವಳಿಗೆ ತಿಳಿದದ್ದು ಅಷ್ಟೇ. ಆ ತಿಳಿವಳಿಕೆ ಕೊಟ್ಟವಳೂ ನಾನೇ. ಆದರೂ ಆ ಮಾತು ನನ್ನೊಳಗೆ ಸೂಜಿಯ ಹಾಗೆ ನಿಂತಿತು. ಇಪ್ಪತ್ತೆರಡು ವರ್ಷ ಆ ಅಂಗಳದಲ್ಲಿ ಬಗ್ಗಿದವಳು ನಾನು. ಅದರಲ್ಲಿ ಹನ್ನೆರಡು ವರ್ಷ ಒಂದೊಂದು ತುಂಡನ್ನೂ ಇಟ್ಟವಳು ನಾನು. ಜನರ ಬಾಯಲ್ಲಿ ಅದು ಅಕ್ಕನ ಕೌದಿ. ಎದುರು ಮನೆಯ ಮುದುಕಿ ನನ್ನ ಮುಖ ನೋಡಿ ಕೆಮ್ಮಿದಳು. ನಾನು ಎದ್ದು ಒಳಗೆ ಹೋದೆ.

ಮೂರು ತಿಂಗಳಲ್ಲಿ ಸೊಲ್ಲಾಪುರ ರಸ್ತೆಯಲ್ಲಿ ಖೋಲಿ ನೋಡಿದೆ. ಆ ಅಂಗಡಿಯವರೇ ಹುಡುಕಿಕೊಟ್ಟರು. ಸಣ್ಣ ಕೌದಿ ಮಾಡಿದರೆ ತಾವೇ ಅಂಗಡಿಯಲ್ಲಿ ಇಡುವುದಾಗಿ ಹೇಳಿದ್ದರು. ಅಕ್ಕನಿಗೆ ಹೇಳಿದಾಗ ಅವಳು ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಒಬ್ಬಾಕಿನ ಇರತೀಯೇನ ಅಲ್ಲಿ?"

"ಇರತೇನಿ."

"ನಾ ಏನರ ಅಂದ್ನೇನು?"

"ಏನೂ ಅಂದಿಲ್ಲಕ್ಕಾ. ನಂದೂ ಒಂದು ಇರಲಿ ಅಂತ."

ರೊಟ್ಟಿ ಹಂಚಿಗೆ ಹಾಕಿ, ನೀರು ಸವರಿದಳು. "ಆತು. ನಿನ್ನ ಕೈಯಾಗ ಕೆಲಸ ಐತಿ, ಎಲ್ಲಿ ಹೋದ್ರೂ ಉಣತಿ. ಹೋಗೂವಾಗ ಸೂಜಿಗಿ ದಾರ ಹಾಕಿ ಹೋಗು."

ಹೋಗುವ ದಿನ ಮುಂಜಾನೆ ನಲವತ್ತಕ್ಕೂ ದಾರ ಪೋಣಿಸಿದೆ. ಎಂದಿಗಿಂತ ಉದ್ದನೆಯ ದಾರ, ಎರಡು ಮೊಳದ ಬದಲು ಮೂರು ಮೊಳ. ಅದು ಮುಗಿದ ಮೇಲೆ ಏನು ಎಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಅವಳ ಕಣ್ಣಿನ ಮಾತು ಹೇಳಲು ಅದೇ ಕೊನೆಯ ದಿನವಾಗಿತ್ತು, ಅದೂ ಗೊತ್ತಿತ್ತು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಹೋಗುವಾಗ ನನ್ನ ಮನಸ್ಸಿನಲ್ಲಿದ್ದದ್ದು ಒಂದೇ: ನಾನಿಲ್ಲದೆ ಈಗ ಹೇಗೆ ಇಡುತ್ತಾಳೆ ನೋಡೋಣ. ಅವಳ ಕೌದಿ ಕೆಡಲಿ, ಜನ ನೋಡಲಿ, ಆಗ ಇಷ್ಟು ವರ್ಷ ಯಾರ ಕೈ ಇತ್ತು ಎಂದು ಎಲ್ಲರಿಗೂ ತಿಳಿಯಲಿ. ನನಗೆ ಆಶ್ರಯ ಕೊಟ್ಟವಳ ಬಗ್ಗೆ ನಾನು ಹೀಗೆ ಯೋಚಿಸಿದೆ. ಟಿಕೋಟಾದಿಂದ ವಿಜಯಪುರದ ತನಕ ಅದನ್ನೇ ಯೋಚಿಸಿದೆ.

ಖೋಲಿಯ ಒಂದು ಕಡೆ ಟ್ರ್ಯಾಕ್ಟರ್ ಟ್ರೇಲರ್ ವೆಲ್ಡಿಂಗ್ ಮಾಡುವವರು, ಇನ್ನೊಂದು ಕಡೆ ಟೈರಿಗೆ ಪಂಕ್ಚರ್ ಹಾಕುವವರು. ದಿನವಿಡೀ ಕಬ್ಬಿಣದ ಸದ್ದು. ಮೊದಲ ವಾರ ಆ ಸದ್ದಿಗೆ ತಲೆ ಸಿಡಿಯುತ್ತಿತ್ತು. ಆಮೇಲೆ ಸಂಜೆ ಅವರು ಬಾಗಿಲು ಹಾಕಿದರೆ ಅದಿಲ್ಲದೆ ಕಷ್ಟವಾಗತೊಡಗಿತು. ಬೋರ್ಡು ಬರೆಸಿದೆ, ಹಳದಿ ಮೇಲೆ ಕೆಂಪು ಅಕ್ಷರ, ನನ್ನ ಹೆಸರು. ಬರೆದವನು "ಇಷ್ಟ ಸಾಕೇನ್ರಿ? ಮಂದಿ ಹಿಂದ ಅಂಡ್ ಸನ್ಸ್ ಅಂತ ಹಾಕಸ್ತಾರ" ಅಂದ. ಸಾಕು ಅಂದೆ.

ನನ್ನ ಹೆಸರು ಹೊರಗೆ ಇತ್ತು, ಒಳಗೆ ಮಾತಾಡಿಸುವವರು ಇರಲಿಲ್ಲ. ತುಂಡು ಇಟ್ಟು, ಹಿಂದೆ ಸರಿದು ನಿಂತು, ಚೆಂದ ಬಂತು ಅನ್ನಿಸಿದಾಗ ತಿರುಗಿ ನೋಡುತ್ತಿದ್ದೆ. ಹಿಂದೆ ಗೋಡೆ. ಅಂಗಳದಲ್ಲಿ ಅಕ್ಕ ಕೈಯಾಡಿಸಿ "ಆತು" ಅನ್ನುತ್ತಿದ್ದಳು. ಕಣ್ಣು ಕಾಣದವಳ ಆ "ಆತು"ಗೆ ನಾನು ಇಷ್ಟು ವರ್ಷ ಕಾಯುತ್ತಿದ್ದೆ ಎಂದು ಆಗ ತಿಳಿಯಿತು. ಮುಂಜಾನೆ ಎದ್ದರೆ ಕೈ ತಾನಾಗಿ ಸೂಜಿಗಳ ಕಡೆಗೆ ಹೋಗುತ್ತಿತ್ತು. ಒಬ್ಬಳಿಗೆ ಎರಡು ಸೂಜಿ ಸಾಕು. ಎರಡಕ್ಕೆ ದಾರ ಪೋಣಿಸಿದರೆ ಆ ಕೆಲಸ ಮುಗಿಯಿತು, ದಿನ ಉದ್ದವಾಗಿ ಮುಂದೆ ಬಿದ್ದಿರುತ್ತಿತ್ತು.

ಊರಿಗೆ ಹೋಗಲಿಲ್ಲ. ಕೆಲಸ ಇದೆ ಎಂದು ಫೋನಿನಲ್ಲಿ ಹೇಳುತ್ತಿದ್ದೆ. ಅಕ್ಕ ಹಬ್ಬಕ್ಕೆ ಕರೆಯುತ್ತಿದ್ದಳು, ಎರಡು ಸಲ ಕರೆದ ಮೇಲೆ ಕರೆಯುವುದು ಬಿಟ್ಟಳು.

ವರ್ಷದ ಮೇಲಾಗಿತ್ತು. ಹೊನವಾಡದ ಹೆಣ್ಣುಮಗಳೊಬ್ಬಳು ಪ್ಲಾಸ್ಟಿಕ್ ಚೀಲದಲ್ಲಿ ಒಂದು ಕೌದಿ ಹಿಡಿದು ಖೋಲಿಗೆ ಬಂದಳು. ಮಗಳ ಬಾಣಂತನಕ್ಕೆಂದು ಟಿಕೋಟಾದಲ್ಲಿ ಮಾಡಿಸಿದ್ದು.

"ನೋಡ್ರಿ ಇದನ್ನ. ನಿಮ್ಮಕ್ಕನ ಮಾಡ್ಯಾಳ. ಬಣ್ಣ ಹೆಂಗ ಇಟ್ಟಾಳ ನೋಡ್ರಿ. ನಮ್ಮತ್ತಿ ನೋಡಿ, ಇದನ್ನೇನು ಎತ್ತಿಗಿ ಹೊಚ್ಚೂದೇನು ಅಂದ್ಲು. ಬಿಚ್ಚಿ ಮತ್ತ ಹೊಂದಿಸಿ ಕೊಡ್ರಿ."

ಹಾಸಿ ನೋಡಿದೆ. ಒಂದು ಮೂಲೆಯಲ್ಲಿ ಮಿಂಚುವ ಬಟ್ಟೆಯೆಲ್ಲ ಒಂದೇ ಕಡೆ ಕೂಡಿತ್ತು. ನಡುವೆ ಕಂದು, ಕಪ್ಪು, ಮತ್ತೆ ಕಂದು. ನೀಲಿ ಹಸಿರು ಬೆರೆತು ಬಿದ್ದಿದ್ದವು. ನಾನು ಕೇಳಿಕೊಂಡದ್ದು ಆಗಿತ್ತು. ಒಂದು ಗಳಿಗೆ, ಒಂದೇ ಒಂದು ಗಳಿಗೆ, ಎದೆಯಲ್ಲಿ ಏನೋ ತಣ್ಣಗಾಯಿತು. ಅದನ್ನೂ ಬರೆಯಬೇಕು ಎಂದು ಬರೆದಿದ್ದೇನೆ.

ಹೊಲಿಗೆ ಬಿಚ್ಚಲು ಕೌದಿ ತಿರುವಿ ಹಾಕಿದೆ. ಹಿಂದಿನ ಬದಿಯಲ್ಲಿ ಗಂಟುಗಳಿದ್ದವು.

ಹೊಲಿಯುವವರಿಗೆ ಇದು ಗೊತ್ತು. ದಾರ ಮುಗಿಯುತ್ತ ಬಂದರೆ ಕೌದಿಯಲ್ಲೇ ಸಿಕ್ಕಿಸಿ ಹರಿದು, ಬೇರೆ ಸೂಜಿ ಹಿಡಿಯುತ್ತೇವೆ. ಗಂಟು ಹಾಕುವುದಿಲ್ಲ, ಮಲಗಿದವರ ಮೈಗೆ ಒತ್ತುತ್ತದೆ. ಈ ಕೌದಿಯಲ್ಲಿ ಎರಡು ಮೊಳಕ್ಕೊಂದು ಗಂಟು, ಸಾಲು ಸಾಲಿಗೂ. ಸಾಲುಗಳು ಮಾತ್ರ ಅದೇ ಅಕ್ಕನ ಸಾಲುಗಳು, ನೆಟ್ಟಗೆ. ಮೊದಲು ಅರ್ಥವಾಗಲಿಲ್ಲ. ಗಂಟಿನ ಮೇಲೆ ಬೆರಳಿಟ್ಟು ಕೂತೆ. ಆಮೇಲೆ ನನ್ನ ಸೂಜಿ ತೆಗೆದುಕೊಂಡು ಮಾಡಿ ನೋಡಿದೆ. ಹಳೆಯ ದಾರ ಮುಗಿಯುವ ಮೊದಲೇ ಅದರ ಬಾಲಕ್ಕೆ ಹೊಸ ದಾರ ಕಟ್ಟಿದರೆ, ಆ ಗಂಟನ್ನು ಮೆಲ್ಲಗೆ ಸೂಜಿಯ ಕಣ್ಣಿನಿಂದ ಈಚೆಗೆ ಎಳೆದುಕೊಂಡರೆ, ಸೂಜಿ ಯಾವತ್ತೂ ಬರಿದಾಗುವುದಿಲ್ಲ. ದಾರ ಪೋಣಿಸುವ ಪ್ರಸಂಗವೇ ಬರುವುದಿಲ್ಲ.

ಅವಳು ಒಂದೇ ಸೂಜಿಯಲ್ಲಿ ಇಡೀ ಕೌದಿ ಹೊಲಿದಿದ್ದಳು. ಗಂಟು ಎಣಿಸಲು ಶುರು ಮಾಡಿ ಬಿಟ್ಟುಬಿಟ್ಟೆ. ನಾಲ್ಕೂ ಮೂಲೆಯ ಸಾಲು ಅವಳೊಬ್ಬಳದೇ ಎಂಬುದೂ ಆಗಲೇ ಕಂಡಿತು.

"ಏನಾತ್ರಿ?" ಅಂದಳು ಹೊನವಾಡದವಳು.

"ಇಟ್ಟು ಹೋಗ್ರಿ. ಮಾಡಿ ಕೊಡತೇನಿ" ಅಂದೆ.

ಮರುದಿನ ಮುಂಜಾನೆಯ ಬಸ್ಸಿಗೆ ಟಿಕೋಟಾಕ್ಕೆ ಹೋದೆ. ಎದುರು ಮನೆಯ ಮುದುಕಿ ಕಟ್ಟೆಯ ಮೇಲೆ ಕೂತಿದ್ದಳು.

"ಬಂದ್ರೇನ ಸಾಹೇಬ್ರ" ಅಂದಳು. "ಈಗ ನಿನ್ನ ಬೋರ್ಡ ಐತಂತಲ್ಲ. ಪಟ್ಟೇವಾಲಾಗ ಬಡ್ತಿ ಆತು."

"ನೀ ಯಾಕ ಹೊಲ್ಯಾಕ ಹೋಗೂದು ಬಿಟ್ಟಿ ಅಜ್ಜಿ?"

"ಸೊಸಿ ಒಣದ್ರಾಕ್ಷಿ ಶೆಡ್ಡಿಗಿ ಹೊಂಟಾಳ, ದಿನಗೂಲಿ ಸಿಗತೈತಿ. ನನಗ ಸೊಂಟ ಬಗ್ಗೂದಿಲ್ಲ. ನಿಮ್ಮಕ್ಕ ಒಬ್ಬಾಕಿನ ಕುಂಡ್ರತಾಳ." ಎಲೆಯ ರಸ ಪಕ್ಕಕ್ಕೆ ಉಗುಳಿ, ದನಿ ತಗ್ಗಿಸಿದಳು. "ಒಂದಿನ ದಾರ ಹರದ ಸೂಜಿ ಖಾಲಿ ಆಗಿತ್ತು. ನನ್ನ ಕಣ್ಣೂ ಅಷ್ಟಕ್ಕಷ್ಟ. ಸೂಜಿ ಹಿಡ್ಕೊಂಡ ಬಸ್ ಸ್ಟ್ಯಾಂಡ್ ತನಾ ಹೋಗಿದ್ಲವಾ. ಬಸ್ಸಿಗಿ ನಿಂತಾವ್ರ ಕೈಯಾಗ ದಾರ ಹಾಕಿಸ್ಕೊಂಡ ಬಂದ್ಲು. ಮಂದಿ ನಕ್ಕರಂತ. ಅಕಿನೂ ನಕ್ಕೋತ ಬಂದ್ಲು."

ಅಕ್ಕ ಅಂಗಳದಲ್ಲಿದ್ದಳು. ಹೆಜ್ಜೆ ಸದ್ದಿಗೆ ತಲೆ ಎತ್ತಿ, ಮುಖವನ್ನು ಒಂದು ಪಕ್ಕಕ್ಕೆ ತಿರುಗಿಸಿ ನನ್ನನ್ನು ನೋಡಿದಳು, ಕೋಳಿ ನೋಡುವ ಹಾಗೆ. ನಾನು ಇದ್ದಾಗ ಹಾಗೆ ನೋಡುತ್ತಿರಲಿಲ್ಲ, ಅಥವಾ ನೋಡುತ್ತಿದ್ದಳೇನೋ, ನಾನು ಗಮನಿಸಿರಲಿಲ್ಲ.

"ಯಾರು? ನೀ ಏನ? ಕುಂಡ್ರು. ಚಹಾ ಇಡತೇನಿ."

ದಿಂಬು ಅವಳ ಪಕ್ಕದಲ್ಲಿತ್ತು. ಮೂವತ್ತೊಂಬತ್ತು ಸೂಜಿ, ಎಲ್ಲ ಬರಿದು, ಸಾಲಾಗಿ ಚುಚ್ಚಿದ್ದಳು. ಒಂದೆರಡಕ್ಕೆ ತುಕ್ಕು ಹತ್ತಿತ್ತು. ನಲವತ್ತನೆಯದು ಅವಳ ಕೈಯಲ್ಲಿತ್ತು.

ನಾನು ಕೂತೆ. "ಅಕ್ಕಾ, ನಿನಗ ಕಣ್ಣು ಕಾಣವಲ್ವು ಅನ್ನೂದು ನನಗ ಗೊತ್ತಿತ್ತು" ಅಂದೆ.

"ಯಾವಾಗಿಂದ?"

"ಹದಿಮೂರು ವರ್ಷದಿಂದ. ನೀ ಇಟ್ಟದ್ದನ್ನ ನಾ ತಗದು ಬ್ಯಾರೆ ಇಡತಿದ್ನಿ."

ಅವಳು ಸೂಜಿಯನ್ನು ಕೌದಿಗೆ ಚುಚ್ಚಿ ಬಿಟ್ಟಳು. ಹೊರಗೆ ಯಾರದೋ ಮೋಟರ್ ಸೈಕಲ್ ಹೋಯಿತು.

"ಸಾಲ್ಯಾಗ ಕಣ್ಣು ನೋಡಾಕ ಬಂದಿದ್ರಲ್ಲ, ಅವತ್ತ ನಿನ್ನ ಕೇಳಿದ್ನಿ" ಅಂದಳು.

"ಕೇಳಿದ್ದಿ."

"ಚಲೋ ಅದಾವ ಅಂದಿ."

"ಅಂದಿದ್ನಿ."

"ನಾ ಕಾಣಸವಲ್ದು ಅನಕೋತ ಇದ್ನಿ. ಆದ್ರ ನೀ ಅಂದ ಮ್ಯಾಲ, ಇರಲಿಕ್ಕಿಲ್ಲ, ನನಗ ಹಂಗ ಅನಸತೈತಿ, ಬಲ್ಬಿಂದ ತಪ್ಪು ಅಂತ ತಿಳಕೊಂಡ್ನಿ. ನಿನ್ನ ಕಣ್ಣು ಚಲೋ ಇದ್ವು. ನಿನ್ನ ಕಣ್ಣಿನ ಮ್ಯಾಲ ನಂಬಿಕಿ ಇಟ್ನಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ. ಎದ್ದು, ಚೌಕಟ್ಟಿಗೆ ಕೈಯಿಟ್ಟು ದಾರಿ ನೋಡಿಕೊಂಡು ಒಳಗೆ ಹೋಗಿ ಚಹಾ ಇಟ್ಟಳು. ತಂದು ಕೊಟ್ಟಳು. ತಾನು ಕುಡಿಯಲಿಲ್ಲ.

ಆ ವಾರವೇ ಅವಳನ್ನು ವಿಜಯಪುರದ ಕಣ್ಣಿನ ದವಾಖಾನೆಗೆ ಕರೆದುಕೊಂಡು ಹೋದೆ. ಮಾಮಾ ಹಿಂಡನ್ನು ಬೇರೆಯವರಿಗೆ ಒಪ್ಪಿಸಿ ಬಂದಿದ್ದ. ಎರಡೂ ಕಣ್ಣಿಗೆ ಪೊರೆ ಬಂದಿದೆ, ಅದನ್ನು ತೆಗೆಯಬಹುದು, ಆದರೆ ಒಳಗಿನ ಒತ್ತಡಕ್ಕೆ ಎಡಗಣ್ಣಿನ ನರ ಒಣಗಿ ಹೋಗಿದೆ, ಬಲಗಣ್ಣಿನದು ಅರ್ಧ ಉಳಿದಿದೆ ಅಂದರು ಡಾಕ್ಟರರು. ಹೋದದ್ದು ತಿರುಗಿ ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳಲು ದಿನಾ ಹನಿ ಹಾಕಬೇಕು. "ನಾಕೈದು ವರ್ಷ ಮೊದಲ ಬಂದಿದ್ರ ಚಲೋ ಇತ್ತು" ಅಂದರು. ಮಾಮಾ ತಲೆಯ ಮೇಲಿನ ಪಟಗ ತೆಗೆದು ಮಡಿಲಲ್ಲಿ ಇಟ್ಟುಕೊಂಡ. ಅಕ್ಕ ನನ್ನ ಕಡೆ ತಿರುಗಲಿಲ್ಲ. ನಾನು ನಿಂತ ಕಡೆ ಅವಳಿಗೆ ಕಾಣದ ಎಡಬದಿಯಾಗಿತ್ತು.

ಬಲಗಣ್ಣಿನ ಪೊರೆ ತೆಗೆಸಿದೆವು. ಈಗ ಮುಖ ಕಾಣುತ್ತದೆ, ಬಾಗಿಲು ಕಾಣುತ್ತದೆ. ಸೂಜಿಯ ಕಣ್ಣು ಕಾಣುವುದಿಲ್ಲ. ನೀಲಿಗೂ ಹಸಿರಿಗೂ ಫರಕು ಇನ್ನೂ ತಿಳಿಯುವುದಿಲ್ಲ.

ಬೋರ್ಡು ತೆಗೆದು ಊರಿಗೆ ಬಂದುಬಿಡುತ್ತೇನೆ ಎಂದು ಹೇಳಿದ್ದೆ. ಅಕ್ಕ ಬೇಡ ಅಂದಳು. "ನಿನ್ನ ಕೆಲಸ ನೀ ಮಾಡು. ಇಲ್ಲಿ ಬಂದು ಮತ್ತ ನನ್ನ ಹಿಂದ ನಿಂದ್ರಬ್ಯಾಡ" ಅಂದಳು. ಅದರಲ್ಲಿ ಸಿಟ್ಟು ಎಷ್ಟು, ಬೇರೆ ಏನಾದರೂ ಇತ್ತೇ, ನಾನು ಕೇಳಲಿಲ್ಲ. ಹೊನವಾಡದವಳ ಕೌದಿಯನ್ನು ಬಿಚ್ಚಲು ನನ್ನ ಕೈ ಏಳಲಿಲ್ಲ. ಬೇರೆ ಒಂದು ಹೊಲಿದು ಕೊಟ್ಟೆ, ಇದನ್ನು ನಾನೇ ಇಟ್ಟುಕೊಂಡೆ. ಅದನ್ನೇ ಹಾಸಿಕೊಂಡು ಮಲಗುತ್ತೇನೆ. ಗಂಟುಗಳು ಬೆನ್ನಿಗೆ ಒತ್ತುತ್ತವೆ.

ವಾರಕ್ಕೊಂದು ದಿನ ಖೋಲಿಯ ಬಾಗಿಲು ಹಾಕಿ ಟಿಕೋಟಾಕ್ಕೆ ಹೋಗುತ್ತೇನೆ. ತುಕ್ಕು ಹಿಡಿದವನ್ನು ಬಿಸಾಡಿ ಹೊಸ ಸೂಜಿ ತಂದಿದ್ದೇನೆ. ನಲವತ್ತಕ್ಕೂ ದಾರ ಪೋಣಿಸಿ ಚುಚ್ಚಿ ಇಡುತ್ತೇನೆ. ಮತ್ತೆ ಹೋಗುವಷ್ಟರಲ್ಲಿ ನಲವತ್ತೂ ಬರಿದಾಗಿರುತ್ತವೆ. ನಾವು ಮಾತಾಡುವುದೇ ಕಡಿಮೆ. ಕೆಲಸ ಮುಗಿದ ಮೇಲೆ ನಾನು ಕಟ್ಟೆಯ ಮೇಲೆ ಕೂರುತ್ತೇನೆ, ಅವಳು ಅಂಗಳದಲ್ಲಿ. ಕೌದಿಯ ಮೇಲೆ ಕಾಲಿಡು ಎಂದು ಅವಳು ಕರೆದಿಲ್ಲ. ಕರೆಯದೆ ನಾನು ಹೋಗಿಲ್ಲ.

ಹೋದ ವಾರ ಅವಳು ತುಂಡು ಇಡುತ್ತಿದ್ದಳು. ಗಂಟಿನಿಂದ ಒಂದು ತೆಗೆದು ಬಿಸಿಲಿಗೆ ಹಿಡಿದು, ಬಲಗಣ್ಣು ಅದರ ಹತ್ತಿರ ತಂದು, ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕಡೆ ನೋಡದೆಯೇ ಕೇಳಿದಳು.

"ಇದು ನೀಲಿ ಹೌದಲ್ಲ?"

"ಅಲ್ಲಕ್ಕಾ. ಹಸಿರು" ಅಂದೆ.

ಅವಳ ಕೈ ಅಲ್ಲೇ ನಿಂತಿತು. ಪಕ್ಕದಲ್ಲಿ ಇನ್ನೊಂದು ಹಸಿರು ಆಗಲೇ ಇತ್ತು. ಅದರ ಪಕ್ಕ ಇಟ್ಟರೆ ಎರಡೂ ಸಾಯುತ್ತವೆ, ಅಲ್ಲಿಗೆ ಒಂದು ಮಾಸಿದ್ದು ಬೇಕು, ಆ ಮಾಸಿದ ಧೋತರದ ತುಂಡು ಅವಳ ಮೊಣಕಾಲ ಹತ್ತಿರವೇ ಬಿದ್ದಿತ್ತು. ನನ್ನ ಕೈ ಕಟ್ಟೆಯ ಅಂಚು ಹಿಡಿದುಕೊಂಡಿತ್ತು.

"ಹಸಿರಂದ್ರ ಹಸಿರ" ಅಂದಳು ಅಕ್ಕ. ತುಂಡನ್ನು ತಾನು ಅಂದುಕೊಂಡಿದ್ದ ಜಾಗದಲ್ಲೇ ಇಟ್ಟಳು. ನಾಲ್ಕು ಬದಿ ಮಡಚಿ, ಅಂಗೈಯಿಂದ ಒತ್ತಿ, ದಿಂಬಿನ ಕಡೆ ಕೈ ಚಾಚಿ ಒಂದು ಸೂಜಿ ತೆಗೆದುಕೊಂಡು ಹೊಲಿಯಲು ಶುರು ಮಾಡಿದಳು.

ಮಧ್ಯಾಹ್ನದ ಬಸ್ಸಿನ ತನಕ ಕೂತು ನೋಡಿದೆ. ತುಂಡು ಅಲ್ಲೇ ಇತ್ತು.